ಬ್ರೇಕಿನ ಸದ್ದಿಗೆ ಕಿವಿಗೊಡಿ



ಮೊದಲು ಒಂದು ಲೆಕ್ಕ ಮಾಡೋಣ. ಸರಕು ಹೊತ್ತ ಪಿಕಪ್ ಟ್ರಕ್ಕಿನ ಒಟ್ಟು ತೂಕ 2,000 ಕಿಲೋಗ್ರಾಂ, ಅದರ ವೇಗ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ಎಂದಿಟ್ಟುಕೊಳ್ಳಿ. ನೀವು ಓದಿರುವ ಚಲನಶಕ್ತಿಯ ಸೂತ್ರದ ಪ್ರಕಾರ 4 ಲಕ್ಷ ಜೂಲ್ ಆಗುತ್ತದೆ. ಸುಮಾರು ಒಂದೂಕಾಲು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲ ಶಕ್ತಿ ಇದು! ವಾಹನ ನಿಲ್ಲುವಾಗ ಇದರ ಬಹುಪಾಲನ್ನು ಬ್ರೇಕುಗಳು ಕೆಲವೇ ಸೆಕೆಂಡುಗಳಲ್ಲಿ ಶಾಖವಾಗಿ ಮಾರ್ಪಡಿಸಬೇಕು.

ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆಗೆ ರೋಟರ್ ಎನ್ನುತ್ತಾರೆ. ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವುದು ಪ್ಯಾಡ್. ಕೆಲವು ರೋಟರುಗಳ ಮೇಲೆ ಓರೆಯಾದ ಗಾಡಿಗಳನ್ನು ಕೊರೆದಿರುತ್ತಾರೆ. ಪ್ಯಾಡಿನ ಪುಡಿ ಮತ್ತು ಬಿಸಿ ಅನಿಲ ಹೊರಹೋಗಲೆಂದು ಈ ಏರ್ಪಾಡು.

ಈಗ ಸದ್ದುಗಳನ್ನು ಗುರುತಿಸೋಣ. ಬ್ರೇಕು ಒತ್ತಿದಾಗ ಗಾಡಿಗಳುಳ್ಳ ರೋಟರ್ ಸಣ್ಣಗೆ ಗುಂಯ್‌ಗುಟ್ಟಿದರೆ ಅದು ಸಾಮಾನ್ಯವಾಗಿ ರೋಗವಲ್ಲ. ಕೀರಲು ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಅನೇಕ ಪ್ಯಾಡುಗಳಲ್ಲಿ ಇದನ್ನು ತಿಳಿಸಲೆಂದೇ ಒಂದು ಲೋಹದ ಪಟ್ಟಿ ಇರುತ್ತದೆ. ಕರಕರನೆ ಅರೆಯುವ ಸದ್ದು ಬಂದರೆ ಲೋಹವು ಲೋಹಕ್ಕೆ ಉಜ್ಜುತ್ತಿರಬಹುದು. ವಾಹನವನ್ನು ಅಲ್ಲೇ ನಿಲ್ಲಿಸಿ. ಪೆಡಲು ಕಾಲಿಗೆ ಮಿಡಿದಂತಾದರೆ ರೋಟರಿನ ದಪ್ಪ ಎಲ್ಲೆಡೆ ಒಂದೇ ಆಗಿಲ್ಲವೆಂಬ ಶಂಕೆ ಪಡಬೇಕು.

ಶಂಕೆ ಬಂದೊಡನೆ ರೋಟರನ್ನು ಲೇತಿಗೆ ಕೊಡಬೇಡಿ; ಮೊದಲು ಅಳೆಯಿರಿ. ಹಬ್ಬಿನ ಮೇಲಿನ ತುಕ್ಕನ್ನು ತೆಗೆದು, ಡಯಲ್ ಗೇಜಿನಿಂದ ಓಲಾಟವನ್ನೂ ಮೈಕ್ರೋಮೀಟರಿನಿಂದ ಹಲವು ಕಡೆ ದಪ್ಪವನ್ನೂ ನೋಡಬೇಕು. ಎಷ್ಟೋ ಸಲ ತಪ್ಪು ರೋಟರಿನದಲ್ಲ, ಅದರ ಹಿಂದೆ ಕುಳಿತ ತುಕ್ಕಿನದು. ಬ್ರೇಕಿನ ಧೂಳನ್ನು ಮಾತ್ರ ಊದಬೇಡಿ, ಅದು ಶ್ವಾಸಕೋಶಕ್ಕೆ ಕೇಡು.

ಗಾಡಿಗಳುಳ್ಳ ರೋಟರನ್ನು ಸಮಗೊಳಿಸುವುದು ನಾಜೂಕಿನ ಕೆಲಸ. ಪ್ರತಿ ಸುತ್ತಿನಲ್ಲೂ ಲೇತಿನ ಉಳಿ ಗಾಡಿಯ ಅಂಚಿಗೆ ಬಡಿದು ಅದುರುತ್ತದೆ. ಮೇಲ್ಮೈಯಲ್ಲಿ ಅಲೆಯಂಥ ಗುರುತು ಮೂಡುತ್ತದೆ. ಆದ್ದರಿಂದ ಹರಿತವಾದ ಉಳಿ, ತೆಳುವಾದ ಕೊರೆತ, ನಿಧಾನವಾದ ಮುನ್ನಡೆ ಅಗತ್ಯ. ಕೊರೆದಷ್ಟೂ ಗಾಡಿಯ ಆಳ ತಗ್ಗುತ್ತದೆ. ತಯಾರಕರೇ ಬೇಡವೆಂದಿದ್ದರೆ ಕೊರೆಯಲೇಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ರೋಟರಿನ ಮೇಲೆ ಸಾಮಾನ್ಯವಾಗಿ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಕೊರೆದ ಮೇಲೆ ಅದಕ್ಕಿಂತ ತೆಳುವಾಗುವಂತಿದ್ದರೆ ಹೊಸ ರೋಟರೇ ಬೇಕು. ತೆಳುವಾದ ಕಬ್ಬಿಣ ಬೇಗ ಕಾಯುತ್ತದೆ, ಬಿರುಕು ಬಿಡಬಹುದು. ಬ್ರೇಕ್ ದ್ರವ ಕುದಿದರಂತೂ ಇಳಿಜಾರಿನಲ್ಲಿ ಪೆಡಲು ಕುಸಿದು ಹೋಗುತ್ತದೆ. ಉಳಿಸಿದ ಹಣ ಆಗ ಯಾವ ಉಪಯೋಗಕ್ಕೂ ಬಾರದು.

ನಾಳೆ ನೀವು ಮೆಕ್ಯಾನಿಕ್ ಆಗಬಹುದು, ಎಂಜಿನಿಯರ್ ಆಗಬಹುದು, ಬರಿಯ ಪ್ರಯಾಣಿಕರೇ ಆಗಿರಬಹುದು. "ಇನ್ನೊಂದು ಸಲ ಕೊರೆದುಬಿಡಿ" ಎಂದು ಯಾರಾದರೂ ಒತ್ತಾಯಿಸಿದರೆ ಮೈಕ್ರೋಮೀಟರ್ ತೋರಿಸಿ, "ಆಗುವುದಿಲ್ಲ" ಎನ್ನುವ ಧೈರ್ಯ ನಿಮಗಿರಲಿ.