ಹಂದಿಗೋಡಿನ ಕೂಸುಗಳು ಮತ್ತು ನಮ್ಮ ಹಾಸ್ಟೆಲ್ಲು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಪದ್ಯ ಓದಲಿಕ್ಕೆ ಬಂದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಕೇರಿಯಲ್ಲಿ ಕೋಲೂರಿ ನಡೆಯುವ ದೊಡ್ಡಪ್ಪನೋ, ಅಂಗಳದಲ್ಲಿ ತೆವಳುವ ಅತ್ತೆಯೋ ಇದ್ದರೆ ಆ ಕಾಯಿಲೆಯ ಹೆಸರನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೀವಿ: ಹಂದಿಗೋಡು ಕಾಯಿಲೆ. ದೊಡ್ಡವರ ನೋವಿನ ಬಗ್ಗೆ ಪತ್ರಿಕೆಗಳು ಅಷ್ಟಿಷ್ಟು ಬರೆದಿವೆ. ನಾವು ಮಾತಾಡಬೇಕಾಗಿರುವುದು ಇನ್ನೂ ಈಗ ನಡೆಯಲು ಕಲಿಯುತ್ತಿರುವ ಕೂಸುಗಳ ಬಗ್ಗೆ.

ಹಂದಿಗೋಡು ಸಾಗರದ ಹತ್ತಿರದ ಹಳ್ಳಿ. 1974-75ರ ಹೊತ್ತಿಗೆ ಅಲ್ಲಿನ ದಲಿತ ಕೇರಿಯಲ್ಲಿ ಜನ ಸೊಂಟ, ಮಂಡಿ ಹಿಡಿದು ಕೂತದ್ದು ಹೊರಗಿನವರ ಕಣ್ಣಿಗೆ ಬಿತ್ತು. ಮೊದಲ ಗುಮಾನಿ ಏಡಿಯ ಮೇಲೆ. ಔಷಧಿ ಹೊಡೆದ ಗದ್ದೆಯ ಏಡಿ, ಮೀನು ತಿಂದು ಹೀಗಾಯ್ತು ಅಂದರು. ಗದ್ದೆ ಯಾರದು, ಔಷಧಿ ತಂದವರು ಯಾರು, ಕೂಲಿ ಸಾಲದೆ ಏಡಿ ಹಿಡಿದು ತಿನ್ನಬೇಕಾದ ಹೊಟ್ಟೆ ಯಾರದು ಅಂತ ಕೇಳಿದವರು ಕಡಿಮೆ. 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಬರೆದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ನಡೆದವು. ಎಕ್ಸರೆ ತೆಗೆದು, ವಂಶಾವಳಿ ಬರೆದು ನೋಡಿದ ಮೇಲೆ, ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ ದೋಷ, ತಂದೆಯಿಂದಲೋ ತಾಯಿಯಿಂದಲೋ ಮಗುವಿಗೆ ಇಳಿಯುವಂಥದ್ದು ಅಂತ ಗೊತ್ತಾಯ್ತು.

ಈ ಇಳಿಯುವ ಲೆಕ್ಕವನ್ನು ಓದಿದ ನಾವು ಸರಿಯಾಗಿ ತಿಳಕೋಬೇಕು. ಯಾಕಂದ್ರೆ ನಮ್ಮವರಿಗೆ ಇದರಿಂದಲೇ ಬೈಗುಳ ಬಿದ್ದಿದೆ. 'ನೆಂಟರೊಳಗೇ ಮದುವೆ ಮಾಡ್ಕೊಂಡು ರೋಗ ತಂದ್ಕೊಂಡ್ರು' ಅಂತಾರಲ್ಲ, ಅದು ಅರ್ಧ ಮಾತು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೆ ಈ ದೋಷ ಇದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಎರಡರಲ್ಲಿ ಒಂದು. ಗಂಡಾಗಲಿ ಹೆಣ್ಣಾಗಲಿ, ಸೋದರತ್ತೆ ಮಗಳಾಗಲಿ ಬೊಂಬಾಯಿಯ ಹುಡುಗಿಯಾಗಲಿ, ಲೆಕ್ಕ ಅದೇ. ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಮೂರಕ್ಕೆ ಏರುತ್ತದೆ. ಹಾಗಾಗಿ ಮದುವೆಗೆ ಮೊದಲು ಕೇಳಿ ತಿಳಿಯುವುದು ಒಳ್ಳೆಯದೇ. ಆದರೆ ಕಾಯಿಲೆ ಚನ್ನಂಗಿ, ಚಲವಾದಿ ಮನೆಗಳೊಳಗೇ ತಲೆಮಾರುಗಟ್ಟಲೆ ಸುತ್ತಿದ್ದಕ್ಕೆ ಕಾರಣ ಜಾತಿಯ ಗೋಡೆ. ಆ ಗೋಡೆ ಕಟ್ಟಿದವರು ನಾವಲ್ಲ.

ಈಗ ಕೂಸಿನ ಕಡೆ ಬರೋಣ. ಕೆಲವರಲ್ಲಿ ಇದು ಮೂಳೆ ಕೀಲುಗಳ ನೋವು, ಕೆಲವರಲ್ಲಿ ಬೆನ್ನುಮೂಳೆಯೂ ಸೇರುತ್ತದೆ, ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಸೊಂಟದ ಕೀಲು ಮೊದಲು ಹೋಗುತ್ತದೆ. ಮಗು ಬಾತುಕೋಳಿಯ ಹಾಗೆ ಓಲಾಡಿಕೊಂಡು ನಡೆಯುತ್ತದೆ, ಕುಕ್ಕರಗಾಲಲ್ಲಿ ಕೂರಲಾರದು, ಎದ್ದೇಳಲು ತೊಡೆ ಹಿಡಿಯುತ್ತದೆ. ಬುದ್ಧಿಗೆ ಇದರಿಂದ ಏನೂ ಆಗುವುದಿಲ್ಲ! ಇದನ್ನು ಮೇಷ್ಟರಿಗೂ ಹೇಳಿ. ಕೀಲು ಸರಿಯಿಲ್ಲದ ಹುಡುಗನನ್ನು ದಡ್ಡ ಅಂತ ಹಿಂದಿನ ಬೆಂಚಿಗೆ ಕೂರಿಸಿದರೆ ಅದು ಎರಡನೇ ಕಾಯಿಲೆ.

ನಮ್ಮ ಕೇರಿಯಲ್ಲಿ ಇನ್ನೊಂದು ತೊಡಕಿದೆ. ಅಂಗನವಾಡಿಯಲ್ಲಿ ಎತ್ತರ, ತೂಕ ಬರೆಯುತ್ತಾರೆ. ಮಗು ಗಿಡ್ಡ ಇದ್ದರೆ ಅಪೌಷ್ಟಿಕ ಅಂತ ಗುರುತು ಹಾಕಿ ಮೊಟ್ಟೆ ಕೊಡುತ್ತಾರೆ. ಮೊಟ್ಟೆ ಬೇಕೇ ಬೇಕು, ಬೇಡ ಅನ್ನೋದಿಲ್ಲ. ಆದರೆ ಹಸಿವಿನಿಂದ ಗಿಡ್ಡಾದ ಮಗು ಬೇರೆ, ಮೂಳೆಯಿಂದ ಗಿಡ್ಡಾದ ಮಗು ಬೇರೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಒಬ್ಬರಿಗೂ ನ್ಯಾಯವಿಲ್ಲ. ಇದರ ತಿರುಗುಮುರುಗೂ ಆಗುತ್ತದೆ: ಮಾತು ತಡವಾದ ಮಗು, ಕಿವಿ ಕೇಳದ ಮಗು, ಹುಟ್ಟುವಾಗ ಉಸಿರುಗಟ್ಟಿ ಕೈಕಾಲು ಸೆಟೆದ ಮಗು, ಎಲ್ಲವನ್ನೂ ನಮ್ಮ ಅಜ್ಜಿಯರು 'ಅದೇ ಕಾಯಿಲೆ' ಅಂತ ಮೂಲೆಗೆ ಮಲಗಿಸುತ್ತಾರೆ. ಮಾತು, ಕಿವಿಯ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೊದಲ ಮೂರು ವರ್ಷದಲ್ಲಿ ತೋರಿಸಿದ ಮಗುವಿಗೂ ಏಳು ತುಂಬಿದ ಮೇಲೆ ಒಯ್ದ ಮಗುವಿಗೂ ಅಜಗಜಾಂತರ.

ಒಂದು ಇಸವಿ ನಮ್ಮನ್ನು ಕಾಡುತ್ತದೆ. ಹಂದಿಗೋಡು ಸುದ್ದಿಯಾದ ಆ ದಿನಗಳಲ್ಲೇ, 1975ರ ಅಕ್ಟೋಬರ್ 2ರಂದು, ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ತಿ.ನರಸೀಪುರದಲ್ಲಿ. ಸಣ್ಣ ಮಕ್ಕಳನ್ನು ಮನೆ ಬಾಗಿಲಲ್ಲೇ ನೋಡುವ ವ್ಯವಸ್ಥೆ ಮತ್ತು ಈ ಕಾಯಿಲೆಯ ಸುದ್ದಿ, ಎರಡಕ್ಕೂ ಒಂದೇ ವಯಸ್ಸು. ಆದರೂ ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿಗೆ ಪ್ರತ್ಯೇಕ ಕೈಪಿಡಿ ದಿಲ್ಲಿಯಿಂದ ಬಂದದ್ದು 2023ರ ನವೆಂಬರಿನಲ್ಲಿ. ನಡುವೆ ಹೋದ ವರ್ಷಗಳನ್ನು ನೀವೇ ಎಣಿಸಿ.

ಕಾಗದದ ಮೇಲೆ ಇರುವುದು ಇಷ್ಟು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಡಾಕ್ಟರರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೂ ಒಂದು ಸಲ ಸರ್ಕಾರಿ ಶಾಲೆಗೂ ಬರಬೇಕು, ಬೆಳವಣಿಗೆ ತಡವಾದ ಮಕ್ಕಳನ್ನು ಜಿಲ್ಲೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬೇಕು. ಅದರ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಸೊಂಟದ ಕೀಲಿನ ದೋಷವಿದೆ. ಹಂದಿಗೋಡಿನ ಹೆಸರಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಚಲನೆಯ ವೈಕಲ್ಯ, ಕುಬ್ಜತೆ ಅದರಲ್ಲಿ ಸೇರಿವೆ. ಅಂದರೆ ಈ ಬಾಗಿಲಿನಿಂದ ನಮ್ಮ ಮಗು ಒಳಗೆ ಹೋಗಬಹುದು. ಆದರೆ ಶೇಕಡಾ 40 ಎಂಬ ಅಳತೆ ದಾಟಿದವರಿಗೆ ಮಾತ್ರ ಹೆಚ್ಚಿನ ಸೌಲಭ್ಯ. ಈ ಕಾಯಿಲೆ ಮೆಲ್ಲಗೆ ಏರುವಂಥದ್ದು. ಮೂರು ವರ್ಷದ ಮಗುವಿನಲ್ಲಿ 40 ಕಾಣದೇ ಇರಬಹುದು, ಇಪ್ಪತ್ತಕ್ಕೆ ಕೋಲು ಹಿಡಿದಾಗ ಕಾಣುತ್ತದೆ. ಆಗ ಕೊಡುವ ಕಾರ್ಡು ತಡವಾದ ಕಾರ್ಡು. ಆ ಕಾಯಿದೆಯ ಉಚಿತ ಶಿಕ್ಷಣದ ಹಕ್ಕೂ ಆರು ವರ್ಷದಿಂದ ಹದಿನೆಂಟರವರೆಗೆ. ಆರಕ್ಕಿಂತ ಮೊದಲಿನ ಕೂಸು ಯಾರದು?

ಮೂಳೆಯ ದೋಷ ತೆಗೆಯುವ ಮದ್ದಿಲ್ಲ. ಸುಳ್ಳು ಆಸೆ ಹಚ್ಚಬಾರದು. ಆದರೆ ನೋವು ಕಡಿಮೆ ಮಾಡಬಹುದು, ಕೀಲಿನ ವ್ಯಾಯಾಮ ಕಲಿಸಬಹುದು, ಬೆಳೆದ ಮೇಲೆ ಸೊಂಟದ ಕೀಲು ಬದಲಿಸುವ ಆಪರೇಷನ್ ಇದೆ. ಇನ್ನು ಸಣ್ಣ ಸಂಗತಿಗಳು: ಕುಕ್ಕರಗಾಲಲ್ಲಿ ಕೂರಲಾಗದ ಮಗುವಿಗೆ ಎತ್ತರದ ಕಕ್ಕಸು, ಕೂರಲು ಕುರ್ಚಿ, ಕೇರಿಯಿಂದ ಅಂಗನವಾಡಿಗೆ ಜಾರದ ದಾರಿ. ಮಲೆನಾಡಿನ ಜೂನ್ ಜುಲೈ ತಿಂಗಳಲ್ಲಿ ಆ ಕೆಸರು ದಾರಿಯಲ್ಲಿ ಗಟ್ಟಿಮುಟ್ಟಾದವನೇ ಬೀಳ್ತಾನೆ. ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ ಶೇಕಡಾ 5 ಅಂಗವಿಕಲರಿಗೆ ಇಡಬೇಕು. ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರಬೇಕು. ಯಾರು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ.

ನಮ್ಮ ತಾಯಂದಿರು ಈಗ ಯಾರನ್ನೂ ನಂಬುವುದಿಲ್ಲ, ಅದು ತಪ್ಪಲ್ಲ. ಜೀಪು ಬಂತು, ರಕ್ತ ತಗೊಂಡ್ರು, ಫೋಟೋ ಹೊಡೆದ್ರು, ಹೋದ್ರು. ರಿಪೋರ್ಟು ಇಂಗ್ಲಿಷಿನಲ್ಲಿ ಎಲ್ಲೋ ಇದೆ, ರಕ್ತ ಕೊಟ್ಟವಳ ಕೈಗೆ ಒಂದು ಚೀಟಿಯೂ ಬರಲಿಲ್ಲ. ಅದಕ್ಕೇ ಹೇಳ್ತೀವಿ, ಮೊಬೈಲು ಹಿಡಿದು ಫೋಟೋ ತೆಗೆಯಲು ನೀವೂ ಹೋಗಬೇಡಿ. ರಜೆಗೆ ಊರಿಗೆ ಹೋದಾಗ ಅಂಗನವಾಡಿಗೆ ಹೋಗಿ, ಡಾಕ್ಟರರ ತಂಡ ಕೊನೆಯ ಸಲ ಬಂದ ತಾರೀಖು ಕೇಳಿ ಬರ್ಕೊಳ್ಳಿ. ಕಾರ್ಡಿನ ಅರ್ಜಿ ತುಂಬಿಕೊಡಿ. ಆಸ್ಪತ್ರೆಗೆ ಆ ತಾಯಿ ಒಬ್ಬಳೇ ಹೋದರೆ 'ನಾಳೆ ಬಾ' ಅಂತಾರೆ, ಜೊತೆಗೆ ಓದಿದ ಇಬ್ಬರು ನಿಂತರೆ ಮಾತಿನ ವರಸೆ ಬದಲಾಗುತ್ತದೆ. ಬಸ್ ಚಾರ್ಜು ನಾವು ಚಂದಾ ಎತ್ತೋಣ.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ಊರು, ಪಂಚಾಯಿತಿ, ಆರು ವರ್ಷದೊಳಗಿನ ಅಂಥ ಮಕ್ಕಳು ಎಷ್ಟು ಅಂತ ಬರೀರಿ. ಮಗುವಿನ ಹೆಸರು ಬೇಡ. ನಿಮ್ಮ ಹೆಸರು, ರೂಮು ನಂಬರು ಇರಲಿ. ತೀರ್ಥಹಳ್ಳಿ ಕಡೆಯವರು ಊಟಕ್ಕೆ ಮೊದಲು ಹತ್ತು ನಿಮಿಷ ಇಲ್ಲೇ ಉಳೀರಿ.