ಇಳಿದ ತೂಕ ಮತ್ತೆ ಏರಿದಾಗ



ನಮ್ಮ ಕನ್ನಡ ತರಗತಿಯಲ್ಲಿ ಕಲಿತು ಈಗ ಕಾಲೇಜಿನಲ್ಲಿರುವ ಹುಡುಗಿಯೊಬ್ಬಳು ಅಕ್ಕನ ಮದುವೆಗೆಂದು ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿಸಿದಳು. ಮದುವೆ ಮುಗಿದು ಆರು ತಿಂಗಳಿಗೆ ಒಂಬತ್ತು ಕಿಲೋ ಏರಿತ್ತು. "ಆಂಟಿ, ನನ್ನ ಮನಸ್ಸೇ ಗಟ್ಟಿ ಇಲ್ಲ" ಅಂತ ಅತ್ತಳು. ಆಮೇಲೆ ಫೋನಿನಲ್ಲಿ ಕೊರಿಯಾದ ಕಷಾಯದ ಜಾಹೀರಾತು ತೋರಿಸಿ, "ಇದನ್ನ ಕುಡಿದ್ರೆ ತೂಕ ವಾಪಸ್ ಬರಲ್ವಂತೆ, ತರಿಸ್ಲಾ?" ಅಂದಳು.

ಮೊದಲು ಆ ಅಳುವಿನ ವಿಚಾರ. ಬೇಗ ತೂಕ ಇಳಿಸಿದರೆ ದೇಹಕ್ಕೆ ಅದು ಬರಗಾಲ. ಹೊಟ್ಟೆ ತುಂಬಿತು ಎಂದು ತಿಳಿಸುವ ಲೆಪ್ಟಿನ್ ಕುಗ್ಗುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. 2011ರಲ್ಲಿ ಪ್ರಕಟವಾದ ಮೆಲ್ಬರ್ನಿನ ಅಧ್ಯಯನವೊಂದರಲ್ಲಿ 50 ಜನ ಹತ್ತು ವಾರ ಪಥ್ಯ ಮಾಡಿದರು; ವರ್ಷ ಕಳೆದ ಮೇಲೂ ಆ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಇದರಲ್ಲಿ ಮನಸ್ಸಿನ ತಪ್ಪೇನಿದೆ ಹೇಳಿ?

ಇನ್ನು ಕಷಾಯ. ಕೊರಿಯಾದ ವೈದ್ಯ ಪದ್ಧತಿಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಅಲ್ಲಿ ಆ ವೈದ್ಯರಾಗಲು ಆರು ವರ್ಷ ಓದಿ, ಸರ್ಕಾರದ ಪರೀಕ್ಷೆ ಪಾಸಾಗಬೇಕು. 19ನೇ ಶತಮಾನದ ವೈದ್ಯ ಲೀ ಜೆಮಾ ಜನರನ್ನು ನಾಲ್ಕು ಪ್ರಕೃತಿಗಳಾಗಿ ವಿಂಗಡಿಸಿದ. ನಮ್ಮಜ್ಜಿ "ನಿಂದು ಪಿತ್ತದ ಮೈ" ಅನ್ನುತ್ತಿದ್ದದ್ದು ನೆನಪಾಗುತ್ತದೆ. ಅವುಗಳಲ್ಲಿ 'ತೇಉಮ್' ಪ್ರಕೃತಿಯವರಿಗೆ ಮೈ ಬರುವುದು ಸುಲಭವಂತೆ. ವೈದ್ಯರು ನಾಡಿ ನೋಡಿ, ನಿದ್ದೆ, ಬೆವರು, ಜೀರ್ಣಶಕ್ತಿ ಎಲ್ಲ ವಿಚಾರಿಸಿ ಒಬ್ಬೊಬ್ಬರಿಗೆ ಒಂದೊಂದು ಕಷಾಯ ಬರೆದುಕೊಡುತ್ತಾರೆ. ಜಾಹೀರಾತಿನ ಪೊಟ್ಟಣಕ್ಕೆ ನಿಮ್ಮ ನಾಡಿ ಗೊತ್ತಾ?

ತೂಕದ ಕಷಾಯಗಳಲ್ಲಿ ಹೆಚ್ಚಾಗಿ ಕಾಣುವ ಮೂಲಿಕೆ ಮಾಹ್ವಾಂಗ್, ಅಂದರೆ ಎಫೆಡ್ರಾ. ಅದರ ಎಫೆಡ್ರಿನ್ ಹಸಿವನ್ನು ಅಡಗಿಸುತ್ತದೆ ನಿಜ, ಜೊತೆಗೆ ಎದೆಬಡಿತ, ರಕ್ತದೊತ್ತಡ ಏರಿಸಿ ನಿದ್ದೆ ಕೆಡಿಸುತ್ತದೆ. ಪರೀಕ್ಷೆ ಸಮಯದಲ್ಲಿ ಅದರ ಮೇಲೆ ಮೂರು ಲೋಟ ಕಾಫಿ ಬಿದ್ದರೆ ಇನ್ನೂ ಕಷ್ಟ. ಎಫೆಡ್ರಾ ಬೆರೆತ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲೇ ನಿಷೇಧಿಸಿತು. ಹೃದಯದ ತೊಂದರೆ, ಥೈರಾಯ್ಡ್ ಇದ್ದವರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು. ಅಷ್ಟಕ್ಕೂ ಕುಡಿಯುವುದು ನಿಲ್ಲಿಸಿದ ದಿನ, ಅಡಗಿದ್ದ ಹಸಿವು ಮರಳಿ ಬರುತ್ತದೆ. ತೂಕ ಮತ್ತೆ ಏರದಂತೆ ತಡೆಯಬೇಕಾದದ್ದು ಆಗಲೇ ಅಲ್ಲವೇ?

ನನಗೆ ಹಿಡಿಸಿದ್ದು ಕೊರಿಯನ್ನರ ಇನ್ನೊಂದು ರೂಢಿ, 'ಬೋಸಿಕ್'. ಉಪವಾಸ ಮುಗಿದ ಕೂಡಲೇ ಅವರು ತುಂಬಿದ ತಟ್ಟೆಗೆ ಕೈ ಹಾಕುವುದಿಲ್ಲ. ಮೊದಲು ಅಕ್ಕಿಯ ತಿಳಿ, ಆಮೇಲೆ 'ಜುಕ್' ಎಂಬ ಗಂಜಿ, ಆಮೇಲೆ ಮೆತ್ತನೆಯ ಅನ್ನ, ಹೀಗೆ ದಿನಗಟ್ಟಲೆ ಮೆಟ್ಟಿಲು ಹತ್ತಿದಂತೆ ಊಟಕ್ಕೆ ಮರಳುತ್ತಾರೆ. ಉಪವಾಸದಷ್ಟೇ ಮುಖ್ಯ ಅದನ್ನು ಬಿಡುವ ಬಗೆ. ಜ್ವರ ಬಿಟ್ಟವರಿಗೆ ನಮ್ಮ ಮನೆಗಳಲ್ಲೂ ಗಂಜಿಯೇ ತಾನೆ? ಗಂಜಿಯಲ್ಲಿ ಮಾಯವೇನಿಲ್ಲ. ಆದರೆ ನಮ್ಮ ಹುಡುಗಿ ಮದುವೆಯ ಮರುದಿನವೇ ಪಥ್ಯ ಬಿಟ್ಟು ಹೋಳಿಗೆಗೆ ಹಾರಿದ್ದಳು. ನಡುವೆ ಒಂದು ಮೆಟ್ಟಿಲೂ ಇರಲಿಲ್ಲ.

ಕಳೆದ ವಾರ ಅವಳ ಫೋನು ಬಂತು. ಕಷಾಯ ತರಿಸಿಲ್ಲ; ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾಳೆ, ದಿನಾ ಸಂಜೆ ಗೆಳತಿಯ ಜೊತೆ ನಡೆಯುತ್ತಾಳೆ. "ಆಂಟಿ, ಗಂಜಿಗೆ ಎಷ್ಟು ನೀರು?" ಅಂತ ಕೇಳಿದಳು. ಒಂದು ಲೋಟ ಅಕ್ಕಿಗೆ ಎಂಟು ಲೋಟ ಅಂದೆ. ಉಪ್ಪಿನಕಾಯಿ ನಂಚಿಕೊಳ್ಳಬಹುದಾ ಅಂದಳು. ಧಾರಾಳವಾಗಿ ಅಂದೆ.