ಗೆದ್ದವರೋ, ಗೆಲ್ಲಬಲ್ಲವರೋ?



ಉತ್ತರಪತ್ರಿಕೆಗಳನ್ನು ತಿದ್ದಿ ಅಂಕ ಕೊಡುವ ವೃತ್ತಿಯವನಾದ ನಾನು ಈ ಸಂಜೆ ಆಟವೊಂದನ್ನು ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಬಹುಕಾಲದಿಂದ ನಡೆದುಬಂದಿರುವ ವಿವಾದವೊಂದು ಪರೀಕ್ಷಕನ ಮನಸ್ಸನ್ನೂ ಕೆಣಕತಕ್ಕದ್ದಾಗಿದೆ.

ಅವರ ಫುಟ್‌ಬಾಲು ನಾವು ಬಲ್ಲ ಕಾಲ್ಚೆಂಡಾಟವಲ್ಲ; ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎಸೆದು, ಎದುರಾಳಿಯ ಗಡಿಯನ್ನು ದಾಟಿಸುವ ಆಟ. ಅದರ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದೊಂದು ತಂಡಕ್ಕೂ ವರ್ಷಕ್ಕೆ ದೊರೆಯುವ ನಿಯತ ಪಂದ್ಯಗಳಾದರೋ ಸುಮಾರು 12. ಪರಸ್ಪರ ಎದುರಾಗದೆಯೇ ಉಳಿಯುವ ಇಷ್ಟೊಂದು ತಂಡಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ನಿರ್ಣಯಿಸುವವರಾರು? ತೊಡಕಿನ ಮೂಲ ಇಲ್ಲಿದೆ.

1936ರಿಂದ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯು ಪತ್ರಕರ್ತರ ಮತ ಪಡೆದು ತಂಡಗಳ ಶ್ರೇಣಿಯನ್ನು ಪ್ರಕಟಿಸತೊಡಗಿತು. 1950ರಿಂದ ತರಬೇತುದಾರರ ಮತವೂ ಸೇರಿತು. ಎರಡು ಮತಗಳೂ ಕೂಡದೆ 1990, 1991 ಮತ್ತು 1997ರಲ್ಲಿ ಒಂದೇ ವರ್ಷಕ್ಕೆ ಇಬ್ಬಿಬ್ಬರು ಚಾಂಪಿಯನ್ನರಾದರು. 1998ರಿಂದ ಮತದ ಜೊತೆಗೆ ಕಂಪ್ಯೂಟರಿನ ಲೆಕ್ಕವನ್ನೂ ಬೆರೆಸಿ, ಎರಡು ತಂಡಗಳನ್ನು ಅಂತಿಮ ಪಂದ್ಯಕ್ಕೆ ಆರಿಸಿದರು. ಆದರೂ 2004ರಲ್ಲಿ ಒಂದು ಪಂದ್ಯವನ್ನೂ ಸೋಲದ ಆಬರ್ನ್ ತಂಡಕ್ಕೆ ಸ್ಥಳ ದೊರೆಯಲಿಲ್ಲ. ಕಡೆಗೆ 2014ರಲ್ಲಿ 13 ಮಂದಿಯ ಸಮಿತಿಯೊಂದು ಏರ್ಪಟ್ಟು, 4 ತಂಡಗಳನ್ನು ಆರಿಸುವ ಪದ್ಧತಿ ಬಂದಿತು.

ಈ ಪದ್ಧತಿಯ ನಿಜವಾದ ಒರೆಗಲ್ಲು 2023ನೆಯ ವರ್ಷ. ಫ್ಲಾರಿಡ ಸ್ಟೇಟ್ ತಂಡವು ಆಡಿದ 13 ಪಂದ್ಯಗಳನ್ನೂ ಗೆದ್ದು ತನ್ನ ಒಕ್ಕೂಟದ ಪ್ರಶಸ್ತಿಯನ್ನು ಪಡೆಯಿತು. ನವೆಂಬರಿನಲ್ಲಿ ಅದರ ಮುಖ್ಯ ಕ್ವಾರ್ಟರ್‌ಬ್ಯಾಕ್, ಎಂದರೆ ಆಟದ ಸೂತ್ರಧಾರಿ, ಗಾಯಗೊಂಡಿದ್ದನು. ಆ ಬಳಿಕವೂ ತಂಡ ಸೋಲಲಿಲ್ಲ. ಆದರೂ ಸಮಿತಿಯು ಒಮ್ಮೆ ಸೋತಿದ್ದ ಅಲಬಾಮಕ್ಕೆ ನಾಲ್ಕನೆಯ ಸ್ಥಾನವನ್ನು ಕೊಟ್ಟಿತು. ಸೂತ್ರಧಾರಿಯಿಲ್ಲದ ತಂಡವು ಮೊದಲಿನ ತಂಡವಲ್ಲವೆಂಬುದು ಅದರ ವಾದ.

ಸಮಿತಿಗೆ ಅನ್ಯಾಯ ಮಾಡಬಾರದು. ಮುಖ್ಯ ಆಟಗಾರರ ಗೈರುಹಾಜರಿಯನ್ನು ಗಮನಿಸಬಹುದೆಂದು ಅದರ ನಿಯಮಾವಳಿಯಲ್ಲಿಯೇ ಇದ್ದಿತು. ಅದು ನಿಯಮವನ್ನು ಮುರಿಯಲಿಲ್ಲ. ಮುಂದಿನ ಪಂದ್ಯದಲ್ಲಿ ಫ್ಲಾರಿಡ ಸ್ಟೇಟ್ ಜಾರ್ಜಿಯಕ್ಕೆ 63–3ರಿಂದ ಸೋತಾಗ, ಸಮಿತಿಯ ಪಕ್ಷದವರು "ನೋಡಿದಿರಾ?" ಎಂದರು. ಆದರೆ ಆ ಪಂದ್ಯಕ್ಕೆ ಅನೇಕ ಪ್ರಮುಖ ಆಟಗಾರರು ಇಳಿದೇ ಇರಲಿಲ್ಲ. ಹೊರಗಟ್ಟಿದ ಮೇಲೆ ಚದರಿದ ತಂಡದ ಸೋಲು, ಹೊರಗಟ್ಟಿದುದಕ್ಕೆ ಸಮರ್ಥನೆಯಾಗಲಾರದು. 2014ರ ನಿದರ್ಶನವನ್ನೂ ನೆನೆಯಬೇಕು. ಆ ವರ್ಷ ಒಹಾಯೊ ಸ್ಟೇಟ್ ಮೂರನೆಯ ಕ್ವಾರ್ಟರ್‌ಬ್ಯಾಕನ್ನು ನೆಚ್ಚಿ ಒಕ್ಕೂಟದ ಅಂತಿಮ ಪಂದ್ಯವನ್ನು 59–0ರಿಂದ ಗೆದ್ದು, ನಾಲ್ಕನೆಯದಾಗಿ ಒಳಸೇರಿ, ಚಾಂಪಿಯನ್ ಆಯಿತು. ಫ್ಲಾರಿಡ ಸ್ಟೇಟ್ ಕೂಡ ಮೂರನೆಯವನನ್ನೇ ನಂಬಿ 16–6ರಿಂದ ಗೆದ್ದಿತ್ತು. ಇಬ್ಬರದೂ ಗೆಲುವೇ, ಒಂದು ನೋಟಕ್ಕೆ ಸೊಗಸು, ಇನ್ನೊಂದು ಅಲ್ಲ.

ಪರೀಕ್ಷೆಯ ನಡುವೆ ಬಲಗೈ ಮುರಿದುಕೊಂಡ ವಿದ್ಯಾರ್ಥಿಯೊಬ್ಬನು ಎಡಗೈಯಲ್ಲಿ ಬರೆದು ಮೊದಲಿಗನಾದನೆನ್ನೋಣ. "ಮುಂದೆ ಇವನು ಹಿಂದೆ ಬೀಳಬಹುದು" ಎಂದು ಪದಕವನ್ನು ಬೇರೊಬ್ಬನಿಗೆ ಕೊಡುವ ಪರೀಕ್ಷಕನನ್ನು ನಾವು ಏನೆನ್ನುತ್ತೇವೆ? ವಿದ್ಯಾರ್ಥಿವೇತನ ಕೊಡುವಾಗ ಮುಂದಿನ ಭರವಸೆಯನ್ನು ನೋಡುವುದುಂಟು, ನಿಜ. ಆದರೆ ಚಾಂಪಿಯನ್ ಪಟ್ಟವು ಭರವಸೆಗೆ ಕೊಡುವ ಸಾಲವಲ್ಲ, ದುಡಿಮೆಗೆ ಸಲ್ಲುವ ಕೂಲಿ. ಅತ್ಯುತ್ತಮರು ಯಾರು, ಅರ್ಹರು ಯಾರು ಎಂಬ ಎರಡು ಪ್ರಶ್ನೆಗಳನ್ನು ಒಂದೆಂದೇ ಭಾವಿಸಿದುದು ಈ ಪದ್ಧತಿಯ ದೋಷವೆಂದು ನನಗೆ ತೋರುತ್ತದೆ.

2024ರಲ್ಲಿ ಸ್ಥಳಗಳು 12 ಆದವು. ಒಕ್ಕೂಟಗಳ ವಿಜೇತರಲ್ಲಿ ಮೇಲಿನ ಐವರಿಗೆ ಸ್ಥಳ ನಿಶ್ಚಿತವಾಯಿತು. ಇದು ಸರಿಯಾದ ಹೆಜ್ಜೆ. ಉಳಿದ 7 ಸ್ಥಳಗಳಿಗಾದರೋ ಹಳೆಯ ಜಗಳವೇ. 2025ರಲ್ಲಿ ಮಯಾಮಿ, ನೋಟರ್ ಡೇಮ್ ಎರಡೂ 10 ಗೆದ್ದು 2 ಸೋತಿದ್ದವು. ಮೊದಲ ಪಂದ್ಯದಲ್ಲಿಯೇ ಮಯಾಮಿ ನೋಟರ್ ಡೇಮನ್ನು ಸೋಲಿಸಿತ್ತು. ಆದರೂ ಸಮಿತಿಯು ವಾರಗಟ್ಟಲೆ ನೋಟರ್ ಡೇಮನ್ನೇ ಮೇಲಿಟ್ಟು, ಇಬ್ಬರೂ ಆಡದಿದ್ದ ಕೊನೆಯ ವಾರದಲ್ಲಿ ಕ್ರಮವನ್ನು ತಿರುಗಿಸಿತು. ತೀರ್ಮಾನ ಸರಿಯಾದುದೇ ಇರಬಹುದು. ಆದರೆ ಆಗಸ್ಟಿನಲ್ಲಿ ತಿಳಿದಿದ್ದ ಸಂಗತಿಗೆ ಡಿಸೆಂಬರಿನಲ್ಲಿ ಬೆಲೆ ಬಂದರೆ ಸೋತವನಿಗೆ ಸಮಾಧಾನ ದೊರೆಯುವುದೆಂತು?

ಇಷ್ಟೊಂದು ತಂಡಗಳಿರುವಲ್ಲಿ ವಿವೇಚನೆಯನ್ನು ಪೂರ್ತಿ ತೆಗೆದುಹಾಕುವುದು ಸಾಧ್ಯವಿಲ್ಲ. ಆದರೆ ಮೈದಾನವು ಉತ್ತರ ಕೊಟ್ಟಿರುವ ಪ್ರಶ್ನೆಯನ್ನು ಸಮಿತಿಯ ಕೊಠಡಿಯಲ್ಲಿ ಮತ್ತೆ ಕೇಳಬಾರದು. ಅದು ಉತ್ತರಿಸದಿರುವಲ್ಲಿ ಮಾತ್ರ ಹಿರಿಯರು ಬಾಯಿ ತೆರೆಯಲಿ. ಗೆಲ್ಲಲು ಏನು ಮಾಡಬೇಕೆಂಬುದು ಆಡುವ ಹುಡುಗನಿಗೆ ಮೊದಲ ದಿನವೇ ತಿಳಿದಿರಬೇಕು. ಅದನ್ನೆಲ್ಲ ಮಾಡಿ ಮುಗಿಸಿದ ಮೇಲೆ "ಇಷ್ಟು ಸಾಲದು" ಎನಿಸಿಕೊಳ್ಳುವ ನೋವು, ಸೋಲಿನ ನೋವಿಗಿಂತ ಕಹಿಯಾದುದು.